ಹೊಸ ಗೂಡು ಕಟ್ಟಿಸಿದರೂ ನಮ್ಮ ಊರಕೋಳಿಗಳು ರಾತ್ರಿ ಹಲಸಿನ ಮರವನ್ನೇ ಹತ್ತುತ್ತವೆ. ಗೂಡಿಗೆ ರೂಢಿ ಮಾಡಿಸುವುದು ಹೇಗೆ? (ಉಡುಪಿ)

ಒಂದು ವಾರ ಅವನ್ನು ಹೊರಗೆ ಬಿಡಲೇಬೇಡಿ. ನೀರು, ಕಾಳು ಎಲ್ಲ ಗೂಡಿನೊಳಗೇ ಕೊಡಿ. ಆಮೇಲೆ ಬಿಟ್ಟರೆ ಹೆಚ್ಚಿನವು ಸಂಜೆ ತಾವಾಗಿಯೇ ಗೂಡು ಸೇರುತ್ತವೆ.

ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಬೆಳಕು ಆರುವ ಮೊದಲೇ ಎತ್ತರದ, ಗೊತ್ತಿರುವ ಜಾಗ ಹಿಡಿದು ಕೂರುತ್ತದೆ. ಒಮ್ಮೆ ರೂಢಿಯಾದ ಜಾಗವನ್ನು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಕೋಳಿಗಳಿಗೆ ಸದ್ಯ ಅದು ಹಲಸಿನ ಕೊಂಬೆ. ಹಾಗಾಗಿ ಗೂಡಿನೊಳಗೂ ಎತ್ತರ ಬೇಕು. ಮೊಟ್ಟೆಯಿಡುವ ಬುಟ್ಟಿಗಿಂತ ಮೇಲೆ, ಅಂಚು ನಯವಾಗಿರುವ ಸುಮಾರು 2 ಇಂಚು ದಪ್ಪದ ಅಡ್ಡಕೋಲು ಕಟ್ಟಿ. ಕೋಳಿಯೊಂದಕ್ಕೆ ಮುಕ್ಕಾಲು ಅಡಿ ಜಾಗವಿರಲಿ.

ದಿನದ ಕೊನೆಯ ಕಾಳನ್ನು ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲು ಗೂಡಿನಲ್ಲೇ ಹಾಕಿ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗಿದರೆ ಜೂನ್‌ನಲ್ಲಿ ಹತ್ತಿರ ಹತ್ತಿರ ಏಳು, ಸಮಯ ಅದಕ್ಕೆ ತಕ್ಕಂತೆ ಬದಲಿಸಿ. ಆದರೂ ಮರ ಹತ್ತಿದವನ್ನು ಕತ್ತಲಾದ ಮೇಲೆ ಮೆಲ್ಲನೆ ಎತ್ತಿ ತಂದು ಕೋಲಿನ ಮೇಲೆ ಕೂರಿಸಿ. ಆಗ ಅವು ಹೆಚ್ಚು ಕೊಸರಾಡುವುದಿಲ್ಲ.

ಕರಾವಳಿಯ ಸೆಕೆಯಲ್ಲಿ ಶೀಟಿನ ಮುಚ್ಚಿದ ಗೂಡಿಗೆ ಯಾವ ಕೋಳಿಯೂ ಇಷ್ಟಪಟ್ಟು ಹೋಗದು. ಮೇಲ್ಭಾಗದಲ್ಲಿ ಗಾಳಿಯಾಡಲು ಸಣ್ಣ ಕಣ್ಣಿನ ಗಟ್ಟಿ ಬಲೆ ಹಾಕಿಸಿ. ರೂಢಿಯಾದ ಕೋಳಿ ದಿಢೀರನೆ ಗೂಡು ಬಿಟ್ಟರೆ, ಕೋಲಿನ ಬಿರುಕುಗಳಲ್ಲಿ ಕೆಂಪು ನುಸಿ (ಮೈಟ್) ಇದೆಯೇ ನೋಡಿ. ಅವು ರಾತ್ರಿ ಹೊರಬಂದು ರಕ್ತ ಹೀರುತ್ತವೆ.