ದನಕ್ಕೆ ನೀಲಿ ಬಣ್ಣ ಹಚ್ಚಿದರೆ ಹಚ್ಚಲಿ

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ: "ಮಗಳಿಗೆ ನಾಲ್ಕೂವರೆ ವರ್ಷ. ಬಣ್ಣ ತುಂಬುವ ಪುಸ್ತಕ ಕೊಟ್ಟರೆ ಗೆರೆ ದಾಟುತ್ತಾಳೆ, ದನಕ್ಕೆ ನೀಲಿ ಹಚ್ಚುತ್ತಾಳೆ. ದುಬಾರಿ ಆಟಿಕೆಗಳು ಮೂಲೆ ಸೇರಿವೆ. ಇಡೀ ದಿನ ಅಡಿಕೆ ಹಾಳೆ ಎಳೆದುಕೊಂಡು ತಿರುಗುತ್ತಾಳೆ. ಚಿತ್ರದ ಕ್ಲಾಸಿಗೆ ಸೇರಿಸಲೇ?"

ಸಂಪಾದಕರ ಉತ್ತರ:

ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಆ ಅಡಿಕೆ ಹಾಳೆ. ಅದರ ಮೇಲೆ ಒಬ್ಬಳು ಕೂತು ಇನ್ನೊಬ್ಬಳು ಎಳೆದರೆ ಬಂಡಿ. ಮಡಚಿ ತಲೆಗಿಟ್ಟರೆ ಮುಟ್ಟಾಳೆ. ಕತ್ತರಿಸಿ, ಇದ್ದಿಲಿನಲ್ಲಿ ಗೆರೆ ಎಳೆದು ಹಣೆಗೆ ಕಟ್ಟಿದರೆ ಯಕ್ಷಗಾನದ ಕಿರೀಟ. ರಾತ್ರಿ ಆಟ ನೋಡಿ ಬಂದ ನಮ್ಮೂರ ಮಕ್ಕಳು ಮರುದಿನ ಡಬ್ಬಿಯನ್ನೇ ಚೆಂಡೆ ಮಾಡಿಕೊಂಡು ಅಂಗಳದಲ್ಲಿ ಕುಣಿಯುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ? ಬ್ರಿಟನ್ನಿನ ಕಲಾವಿದ ಸೈಮನ್ ನಿಕಲ್ಸನ್ 1971ರ ಲೇಖನವೊಂದರಲ್ಲಿ ಇದನ್ನೇ ವಾದಿಸಿದರು. ಮಕ್ಕಳು ಎತ್ತಿ, ಸರಿಸಿ, ಜೋಡಿಸಬಹುದಾದ ಬಿಡಿ ವಸ್ತುಗಳು ಸುತ್ತ ಹೆಚ್ಚಿದ್ದಷ್ಟೂ ಹೊಸದನ್ನು ಹುಟ್ಟಿಸುವ ದಾರಿಗಳೂ ಜಾಸ್ತಿ. ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಮಗುವಿಗೆ ಉಳಿಯುವ ಕೆಲಸ ಗುಂಡಿ ಒತ್ತುವುದೊಂದೇ.

ದನ ನೀಲಿಯಾದರೆ ಚಿಂತೆ ಬೇಡ. ಈ ವಯಸ್ಸಿನ ಮಕ್ಕಳು ಮನಸ್ಸಿಗೆ ಹಿಡಿಸಿದ ಬಣ್ಣ ಎತ್ತಿಕೊಳ್ಳುತ್ತಾರೆ. ಮನುಷ್ಯನ ಚಿತ್ರದಲ್ಲಿ ತಲೆಯಿಂದಲೇ ಕಾಲು ಇಳಿಯುವುದೂ ಅಷ್ಟೇ ಸಹಜ. ತಿದ್ದಬೇಡಿ. ಬರೆದು ತೋರಿಸಲೂ ಬೇಡಿ. ಅಮ್ಮ ಬರೆದ ಆನೆಯನ್ನು ನೋಡಿದ ಮಗು ಆಮೇಲೆ "ನೀನೇ ಬರೆದುಕೊಡು" ಅಂತ ಪೆನ್ಸಿಲು ನಿಮ್ಮ ಕೈಗೇ ಕೊಡುತ್ತದೆ.

ಬಣ್ಣಕ್ಕೆ ಪೇಟೆಗೆ ಹೋಗಬೇಕಿಲ್ಲ. ಬಸಳೆ ಚಪ್ಪರದಲ್ಲಿ ಕಪ್ಪಗೆ ಮಾಗಿದ ಹಣ್ಣು ಹಿಚುಕಿದರೆ ಬೆರಳೆಲ್ಲ ನೇರಳೆ. ತೇಗದ ಎಳೆ ಚಿಗುರನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪು. ಮುರಕಲ್ಲಿನ ಪುಡಿ ಇದೆ, ಅರಸಿನ ಇದೆ, ಇದ್ದಿಲು ಇದೆ. ಹಳೇ ಅಂಗಿ ಹಾಕಿಸಿ, ಜಗಲಿಯ ಒಂದು ಮೂಲೆ ಅವಳಿಗೇ ಬಿಟ್ಟುಬಿಡಿ. ಸುಣ್ಣ ಮಾತ್ರ ಕೈಗೆ ಸಿಗದಿರಲಿ, ಕಣ್ಣಿಗೆ ಬಿದ್ದರೆ ಅಪಾಯ.

ಬರೆದದ್ದನ್ನು ತಂದು ತೋರಿಸಿದಾಗ "ಇದೇನು?" ಅಂತ ಪರೀಕ್ಷೆ ಮಾಡಬೇಡಿ. "ಇದರ ಕಥೆ ಹೇಳ್ತೀಯಾ?" ಅನ್ನಿ. ಹೇಳದಿದ್ದರೆ ಸುಮ್ನೆ ಜೊತೆಗೆ ಕೂತು ನೋಡಿ.

ಕ್ಲಾಸಿನ ವಿಷಯ. ಅವಳಾಗಿ ಕೇಳಿದ ದಿನ ಖಂಡಿತ ಸೇರಿಸಿ. ಅದಕ್ಕೂ ಮೊದಲು ನೀವೊಮ್ಮೆ ಹೋಗಿ ಅಲ್ಲಿನ ಗೋಡೆ ನೋಡಿ ಬನ್ನಿ. ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ, ಎಲ್ಲ ಮಕ್ಕಳದ್ದೂ ಇದೇ ಚಿತ್ರವಾದರೆ ಬೇರೆ ಕ್ಲಾಸು ಹುಡುಕಿ.