ಕುದುರೆಯ ಕೀಲಿನಿಂದ ದ್ರವ ತೆಗೆಸುವುದು ನಿಜವಾಗಿಯೂ ಅಗತ್ಯವೇ?

ಮುಳ್ಳುತಂತಿ ತಗುಲಿ ಕೆಲವು ದಿನಗಳಾದ ಮೇಲೆ ನಿಮ್ಮ ಹೆಣ್ಣು ಕುದುರೆ ಇದ್ದಕ್ಕಿದ್ದಂತೆ ಹಿಂಗಾಲನ್ನು ಊರದಂತಾಗಿದೆ, ಹಾಕ್ ಕೀಲು (ಹಿಂಗಾಲಿನ ನಡುವಿನ, ನಮ್ಮ ಕಣಕಾಲಿಗೆ ಸಮನಾದ ಕೀಲು) ಬಾತಿದೆ, ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೂ ವೈದ್ಯರು ಕೀಲಿನ ದ್ರವ ತೆಗೆಯಬೇಕೆನ್ನುತ್ತಿದ್ದಾರೆ, ಸೂಜಿ ಚುಚ್ಚುವುದರಿಂದಲೇ ಸೋಂಕು ತಗುಲದೇ ಎಂದು ಕೇಳಿದ್ದೀರಿ. ಕುದುರೆಗಳಿಗೆ ಚಿಕಿತ್ಸೆ ನೀಡುವ ಪಶುವೈದ್ಯನಾಗಿ ನನ್ನ ಸಲಹೆ ಇಷ್ಟು: ಆ ಪರೀಕ್ಷೆಯನ್ನು ದಯವಿಟ್ಟು ಇಂದೇ ಮಾಡಿಸಿ.

ಕುದುರೆ ಹಠಾತ್ತನೆ ತೀವ್ರವಾಗಿ ಕುಂಟಲು ಗೊರಸಿನೊಳಗೆ ಕೀವು ಕಟ್ಟಿಕೊಳ್ಳುವುದೇ ಬಹುಪಾಲು ಕಾರಣ. ಆದ್ದರಿಂದ ಗೊರಸನ್ನು ಮೊದಲು ಪರೀಕ್ಷಿಸುವುದು, ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ. ಆದರೆ ಕೀಲೇ ಬಾತಿದ್ದು, ಅದರ ಪಕ್ಕದಲ್ಲಿ ಗಾಯವೂ ಇದ್ದಾಗ, ಎಕ್ಸ್-ರೇ ಚೆನ್ನಾಗಿದೆ ಎಂಬುದರಿಂದ ಸಮಾಧಾನ ಪಡುವಂತಿಲ್ಲ. ಗಾಯದಿಂದ ಕೀಲಿನೊಳಗೆ ಸೋಂಕು ಹೊಕ್ಕಿದ್ದರೂ ಅದು ಮೂಳೆಯನ್ನು ತಿಂದ ಗುರುತು ಚಿತ್ರದಲ್ಲಿ ಮೂಡಲು ವಾರಗಳೇ ಬೇಕಾಗಬಹುದು, ಅಷ್ಟರಲ್ಲಿ ಮೃದ್ವಸ್ಥಿ ಮತ್ತೆ ಸರಿಹೋಗದಷ್ಟು ಹಾಳಾಗಿರುತ್ತದೆ. ಗಾಯ ಚಿಕ್ಕದು ಎಂಬುದೂ ಭರವಸೆಯಲ್ಲ. ತಂತಿಯ ಒಂದು ಮೊನೆ ಕೀಲಿನ ಚೀಲವನ್ನು ತಲುಪಿದರೆ ಸಾಕು.

ಹಾಕ್ ಕೀಲಿನಲ್ಲಿ ದ್ರವ ತೆಗೆಯುವ ಜಾಗ ಮುಂಭಾಗದ ಒಳಬದಿಯ ಉಬ್ಬು. ಅದರ ಮೇಲೆಯೇ ಸಫೀನಸ್ ಅಭಿಧಮನಿ ಹಾದುಹೋಗುವುದರಿಂದ ಸೂಜಿಯನ್ನು ಅದರ ಪಕ್ಕಕ್ಕೆ ಹಾಕುತ್ತಾರೆ. ಆರೋಗ್ಯವಂತ ಕೀಲಿನ ದ್ರವ ತಿಳಿಹಳದಿಯಾಗಿ, ಪಾರದರ್ಶಕವಾಗಿರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹನಿಯನ್ನಿಟ್ಟು ಬೆರಳು ಬಿಡಿಸಿದರೆ 2.5 ಸೆಂ.ಮೀ.ಗಿಂತ ಉದ್ದಕ್ಕೆ ಎಳೆಯಾಗಿ ಬರುತ್ತದೆ. ಸೋಂಕು ತಗುಲಿದ ದ್ರವ ಕದಡಿ, ನೀರಾಗಿ, ಎಳೆ ಬರದೆ ಕಡಿದುಹೋಗುತ್ತದೆ. ಇಷ್ಟನ್ನು ಲಾಯದಲ್ಲಿ ನಿಂತೇ ನೋಡಬಹುದಾದರೂ ತೀರ್ಮಾನಕ್ಕೆ ಅಂಕಿಗಳು ಬೇಕು. ಸಹಜ ದ್ರವದಲ್ಲಿ ಪ್ರೋಟೀನ್ ಡೆಸಿಲೀಟರಿಗೆ 2 ಗ್ರಾಂ ಒಳಗಿದ್ದು, ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 1,000 ದಾಟುವುದಿಲ್ಲ. ಪ್ರೋಟೀನ್ 4 ಗ್ರಾಂ ಮೀರಿ, ಕಣಗಳು 30,000 ದಾಟಿ, ಅವುಗಳಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳೇ (ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ಬಗೆಯ ಬಿಳಿ ರಕ್ತಕಣಗಳು) ಇದ್ದರೆ ಸೋಂಕೆಂದೇ ಭಾವಿಸಿ ಚಿಕಿತ್ಸೆ ಆರಂಭಿಸಬೇಕು. ನಡುವಣ ಅಂಕಿಗಳು ಬಂದಾಗ ಗಾಯ, ಕುಂಟು, ಜ್ವರಗಳ ಜೊತೆಗಿಟ್ಟು ಓದಬೇಕಾಗುತ್ತದೆ. ಸೋಂಕಿನ ಆರಂಭದ ಗಂಟೆಗಳಲ್ಲಿ ಕಣಗಳು ಇನ್ನೂ ಅಷ್ಟು ಏರಿರುವುದಿಲ್ಲ, ಅನುಮಾನ ಉಳಿದರೆ ಮರುದಿನ ಮತ್ತೆ ತೆಗೆಯುವುದೇ ಲೇಸು.

ಕಲ್ಚರ್ (ದ್ರವದಲ್ಲಿನ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ) ವರದಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಿಜವಾಗಿ ಸೋಂಕಿರುವ ಕೀಲುಗಳಲ್ಲೂ ಬ್ಯಾಕ್ಟೀರಿಯಾ ಬೆಳೆಯದೇ ಹೋಗುವುದು ಸಾಮಾನ್ಯ, ಆದ್ದರಿಂದ ‘ಏನೂ ಬೆಳೆಯಲಿಲ್ಲ’ ಎಂಬ ವರದಿಯನ್ನು ನಂಬಿ ಚಿಕಿತ್ಸೆ ನಿಲ್ಲಿಸಬೇಡಿ. ದ್ರವದ ಒಂದು ಪಾಲನ್ನು ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿದರೆ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ಕಣಗಳ ಎಣಿಕೆಗೆ ಇನ್ನೊಂದು ಪಾಲು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿಗೆ ಹೋಗಬೇಕು.

ಸೂಜಿಯ ಕುರಿತ ನಿಮ್ಮ ಭಯ ಆಧಾರವಿಲ್ಲದ್ದಲ್ಲ. ಚರ್ಮವನ್ನು ಚೆನ್ನಾಗಿ ತೊಳೆದು, ಕುದುರೆಗೆ ಮಂಪರಿನ ಮದ್ದು ಕೊಟ್ಟು, ಸ್ಟೆರೈಲ್ ಕೈಗವಸು ಹಾಕಿಕೊಂಡು ಮಾಡಿದರೆ ಅಪಾಯ ತೀರಾ ಕಡಿಮೆ. ಆದರೆ ಗಾಯದ ಮೂಲಕವಾಗಲಿ, ಕೀವಾಗಿ ಕೆಂಪೇರಿದ ಚರ್ಮದ ಮೂಲಕವಾಗಲಿ ಸೂಜಿ ಹೋಗಕೂಡದು. ಬಹಳಷ್ಟು ವೈದ್ಯರು ದ್ರವ ತೆಗೆದ ಅದೇ ಸೂಜಿಯಿಂದ ಸ್ಟೆರೈಲ್ ಸಲೈನ್ ತುಂಬಿ ಗಾಯದಿಂದ ಅದು ಹೊರಗೆ ಸುರಿಯುತ್ತದೆಯೇ ಎಂದು ನೋಡುತ್ತಾರೆ, ಸುರಿದರೆ ಗಾಯ ಕೀಲನ್ನು ಸೇರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೊನೆಗೆ ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ಕನ್ನು ಕೀಲಿನೊಳಗೆ ಹಾಕಿ ಸೂಜಿ ಹಿಂತೆಗೆಯುವುದೂ ಉಂಟು.

ವೈದ್ಯರು ಬರುವ ತನಕ ನೀವಾಗಿಯೇ ನೋವಿನ ಮದ್ದನ್ನೋ ಆ್ಯಂಟಿಬಯೋಟಿಕ್ಕನ್ನೋ ಕೊಡಬೇಡಿ. ಮೊದಲನೆಯದು ಕುಂಟನ್ನು ಮರೆಮಾಚುತ್ತದೆ, ಎರಡನೆಯದು ಕಲ್ಚರನ್ನು ಕೆಡಿಸುತ್ತದೆ. ಈಗಾಗಲೇ ಕೊಟ್ಟಿದ್ದರೆ ಯಾವುದು, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಅವರಿಗೆ ತಿಳಿಸಿ, ಮತ್ತು ಸೋಂಕೆಂದು ತಿಳಿದರೆ ಕೀಲನ್ನು ತೊಳೆಸಲು ಅರಿವಳಿಕೆ ಕೊಟ್ಟು ಆರ್ತ್ರೋಸ್ಕೋಪ್ (ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕುವ ಸೌಲಭ್ಯವಿರುವ ಆಸ್ಪತ್ರೆ ಎಲ್ಲಿದೆ, ಕುದುರೆಯನ್ನು ಸಾಗಿಸಲು ವಾಹನ ಸಿಗುವುದೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.