ಮೂರು ತಿಂಗಳ ಪಿಗ್ಮಿ ಮೇಕೆ ಜೋಡಿ ತರಬೇಡಿ, ಎರಡು ಹೆಣ್ಣು ತನ್ನಿ

ಮೈಸೂರಿನ ಮನೆ ಹಿತ್ತಲಲ್ಲಿ ಸಾಕೋಕೆ ಮೂರು ತಿಂಗಳ ಪಿಗ್ಮಿ ಅನ್ನೋ ಗಿಡ್ಡ ತಳಿ ಮೇಕೆಯ ಗಂಡು-ಹೆಣ್ಣು ಜೋಡಿ ತಂದ್ರೆ ಮರಿ ಮಾರಿ ಲಾಭ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ತಂದಿದ್ದೂ ಅಂಥದ್ದೇ ಜೋಡಿ, ಅದೇ ವಯಸ್ಸು. ನಮ್ಮೂರು ಮಳವಳ್ಳಿ ಹತ್ತಿರ. ಬನ್ನೂರು ಕುರಿ ಸಾಕಿದ ಮನೆ, ಮೇಕೆ ಏನು ಮಹಾ ಅಂದ್ಕೊಂಡಿದ್ದೆ.

ಹೆಣ್ಣಿಗೆ ಕೆಂಪಿ ಅಂತ ಹೆಸರಿಟ್ಟೆವು. ಮಂಡಿವರೆಗೂ ಬರ್ತಿರಲಿಲ್ಲ. ಗಂಡು ಅದಕ್ಕಿಂತ ಚಿಕ್ಕದು. ಅದು ಕೆಂಪಿ ಮೇಲೆ ಹತ್ತೋದು ನೋಡಿ ಅವ್ವ "ಆ ಗಂಡ್ನ ಬ್ಯಾರೆ ಕಟ್ಲಾ" ಅಂದ್ಲು. "ಹಾಲು ಹಲ್ಲೇ ಬಿದ್ದಿಲ್ಲ, ಆಟ ಆಡ್ತವೆ ಬಿಡವ್ವ" ಅಂದೆ.

ನಾನು ಕೆಟ್ಟಿದ್ದು ಅಲ್ಲೇ. ಈ ತಳಿಯಲ್ಲಿ ಗಂಡು ಮೂರು ತಿಂಗಳಿಗೇ ಗಬ್ಬ ಮಾಡಬಲ್ಲದು, ಹೆಣ್ಣೂ ಹೆಚ್ಚುಕಮ್ಮಿ ಅದೇ ವಯಸ್ಸಿಗೆ ಬೆದೆಗೆ ಬರಬಹುದು. ಬೆದೆಗೆ ಬಂತು ಅಂದ್ರೆ ಈಯೋಕೆ ತಯಾರಾಯ್ತು ಅಂತಲ್ಲ. ಸೊಂಟದ ಮೂಳೆ ಇನ್ನೂ ಬೆಳೀಬೇಕು. ಗಬ್ಬದ ಲೆಕ್ಕ ಸುಮಾರು 150 ದಿನ. ನಾಲ್ಕು ತಿಂಗಳಿಗೆ ಗಬ್ಬ ಆದ್ರೆ ಒಂಬತ್ತಕ್ಕೆ ಈಯಬೇಕು. ಅಷ್ಟೂ ದಿನ ತಿಂದಿದ್ದು ತನ್ನ ಮೈಗೂ ಸಾಕಾಗಬೇಕು, ಹೊಟ್ಟೆಯೊಳಗಿನ ಮರಿಗೂ ಸಾಕಾಗಬೇಕು. ಹೊಟ್ಟೆ ದಪ್ಪ ಆದಾಗ ಹಲಸಿನ ಸೊಪ್ಪು ಮೈಗೆ ಹತ್ತಿದೆ ಅಂದ್ಕೊಂಡೆ. ಕೆಚ್ಚಲು ತುಂಬಿದ ಮೇಲೆ ಗೊತ್ತಾಯ್ತು. ಆಮೇಲಾದ್ರೂ ಸುಮ್ಮನಿದ್ನಾ? ದಿನಾ ಮುಸುಕಿನ ಜೋಳದ ನುಚ್ಚು ತಿನ್ನಿಸಿದೆ. ಕೊನೇ ತಿಂಗಳಲ್ಲಿ ಅದು ಒಳಗಿನ ಮರಿಯನ್ನೇ ದೊಡ್ಡದು ಮಾಡುತ್ತೆ.

ರಾತ್ರಿ ಹತ್ತಕ್ಕೆ ಕೆಂಪಿ ಈಯೋಕೆ ತಿಣುಕೋಕೆ ಶುರು ಮಾಡ್ತು. ಮುಂಗಾಲು ಎರಡೂ, ಅದರ ಮೇಲೆ ಮೂಗೂ ಸೇರಿ ಬರಬೇಕಿತ್ತು. ಬಂದಿದ್ದು ಒಂದೇ ಕಾಲು. ಗೊರಸಿನ ತುದಿ ಹಲಸಿನ ತೊಳೆ ಥರ ಹಳದಿ, ಮೆತ್ತಗೆ. ರಾತ್ರಿ ಒಂದು ಗಂಟೆವರೆಗೂ ಅಷ್ಟೇ. ಬೆಳಿಗ್ಗೆ ಡಾಕ್ಟ್ರು ಬಂದು ಮರಿ ತೆಗೆದ್ರು, ಸತ್ತಿತ್ತು. ಮಧ್ಯಾಹ್ನಕ್ಕೆ ಕೆಂಪಿಯೂ ಹೋಯ್ತು. ಅವ್ವ ಏನೂ ಅನ್ನಲಿಲ್ಲ.

ಅದಕ್ಕೇ ಜೋಡಿ ಬೇಡ ಅಂತೀನಿ. ಒಂಟಿ ಮೇಕೆ ಅರಚಿ ಅರಚಿ ಸೊರಗುತ್ತೆ, ಎರಡು ಬೇಕೇ ಬೇಕು. ಎರಡೂ ಹೆಣ್ಣೇ ಇರಲಿ. ಪೇಟೆ ಹಿತ್ತಲಲ್ಲಿ ಹೋತದ ನಾತ ಅಕ್ಕಪಕ್ಕದವರು ತಡ್ಕೊಳ್ಳಲ್ಲ. ವರ್ಷ ತುಂಬಿದ ಮೇಲೇ ಬೆದೆಗೆ ಬಂದಾಗ ಇದೇ ಗಾತ್ರದ ಹೋತದ ಹತ್ತಿರ ಕರ್ಕೊಂಡು ಹೋಗಿ. ಜಮುನಾಪಾರಿ, ಸಿರೋಹಿ ಥರದ ದೊಡ್ಡ ತಳಿ ಹೋತ ಸುತರಾಂ ಬೇಡ. ಹೋತದ ಹತ್ತಿರ ಬಿಟ್ಟ ತಾರೀಖು ಕ್ಯಾಲೆಂಡರಲ್ಲಿ ಬರೆದಿಡಿ. ಜೋರಾಗಿ ತಿಣುಕೋಕೆ ಶುರು ಮಾಡಿ ಅರ್ಧ ಗಂಟೆಯಾದ್ರೂ ಮರಿ ಬರದಿದ್ರೆ ರಾತ್ರಿ ಅಂತ ನೋಡದೆ ಡಾಕ್ಟ್ರಿಗೆ ಫೋನ್ ಮಾಡಿ. ಪಿಪಿಆರ್ (ಮೇಕೆ ಪ್ಲೇಗ್), ಇಟಿ (ಕರುಳು ಬೇನೆ) ಲಸಿಕೆ ಯಾವಾಗ ಅಂತ ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳ್ಕೊಳ್ಳಿ. ಲಾಭದ ಲೆಕ್ಕ ಮೊದಲ ಎರಡು ವರ್ಷ ಹಾಕಲೇಬೇಡಿ.

ಮುಂಗಡ ಕೊಟ್ಟುಬಿಟ್ಟಿದ್ರೆ ಗಂಡಿನ ಬದಲು ಹೆಣ್ಣು ಕೊಡಿ ಅಂತ ಕೇಳಿ. ಒಪ್ಪದಿದ್ರೆ ಡಾಕ್ಟ್ರ ಹತ್ತಿರ ಬೀಜ ಒಡೆಸಿ. ಒಡೆಸಿದ ಮೇಲೂ ಒಂದು ತಿಂಗಳು ಬೇರೆನೇ ಕಟ್ಟಿ.